ಉಗಿಯ ಚಕ್ರಕ್ಕೆ ಎರಡು ಕೈ

ಬುಸ್. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ ಮತ್ತೊಮ್ಮೆ, ಮೆಲುಕು ನಿಲ್ಲಿಸಿದ ಎತ್ತು ಉಸಿರು ಬಿಟ್ಟ ಹಾಗೆ, ಬುಸ್.

ಹಳಿಯಾಳದ ಬಸ್ಸಿನಿಂದ ಇಳಿದು, ಬುತ್ತಿಯ ಗಂಟನ್ನು ಹೆಗಲಿಗೆ ಹಾಕಿಕೊಂಡು ರಟ್ಟಿನ ಮಿಲ್ಲಿನ ಗೋಡೆ ಹಿಡಿದು ಹೊರಟಿದ್ದ ನಾಗಲಿಂಗಪ್ಪ ಅಲ್ಲಿಯೇ ನಿಂತುಬಿಟ್ಟ. ಆ ಗೋಡೆಯ ಆಚೆಗೇ ಅವನ ಕೆಲಸದ ಜಾಗ. ಆ ಸದ್ದು ಮಿಲ್ಲಿಗೆ ಹೊಸದಾಗಿ ಬಂದ ರೆಗ್ಯುಲೇಟರಿನದು. ಉಗಿಯ ವಾಲ್ವನ್ನು ತೆರೆಯುವಾಗಲೂ ಮುಚ್ಚುವಾಗಲೂ ಅದು ಹೀಗೆ ಗಾಳಿ ಬಿಡುತ್ತದೆ. ಆದರೆ ಅವನಿಗೆ ಗೊತ್ತಿದ್ದ ರೆಗ್ಯುಲೇಟರು ಓಡಿ ಬಂದ ನಾಯಿಯಂತೆ ಏದುಸಿರು ಬಿಡುವಂಥದು. ಬಂದಾಗಿನಿಂದಲೂ ಅದಕ್ಕೆ ಒಂದು ಗಳಿಗೆಯ ನೆಮ್ಮದಿ ಇರಲಿಲ್ಲ. ಮಗಳು ಸುಶೀಲವ್ವನನ್ನು ಮುಂಡಗೋಡದ ಗಂಡನ ಮನೆಗೆ ಬಿಟ್ಟುಬರಲು ಅವನು ಹೋದದ್ದು ಎರಡು ದಿನ. ಅಷ್ಟರಲ್ಲಿ ಯಾರು ಇದರ ರೋಗ ಕಳೆದರು?

ಅಂಗೈಯನ್ನು ಗೋಡೆಗೆ ಒತ್ತಿ ಕಿವಿಗೊಟ್ಟ. ಬುಸ್. ಮತ್ತೆ ಮೌನ. ಯಾರೂ ಕಳೆದಿರಲಿಕ್ಕಿಲ್ಲ ಎಂಬ ಯೋಚನೆ ಆ ಮೌನದೊಳಗಿಂದಲೇ ಎದ್ದು ಬಂತು. ಈ ಎರಡು ದಿನ ಅಲ್ಲಿ ಇಲ್ಲದೆ ಇದ್ದದ್ದು ಒಂದೇ ಒಂದು. ನಾಗಲಿಂಗಪ್ಪನ ಕೈ.

ಗೋಡೆಯಿಂದ ಅಂಗೈಯನ್ನು ಕಿತ್ತುಕೊಂಡ.

ನಾಗಲಿಂಗಪ್ಪ ನವಲಗುಂದದ ಕಡೆಯ ಎರೆಯ ಕರಿನೆಲದವನು. ಅವನ ಅಪ್ಪ ಚನಬಸಪ್ಪನಿಗೆ ಹೋರಿ ಪಳಗಿಸುವುದರಲ್ಲಿ ಸುತ್ತ ಊರಲ್ಲೆಲ್ಲ ಹೆಸರಿತ್ತು. ಹೊಲ ಅಣ್ಣತಮ್ಮಂದಿರ ಪಾಲಾದ ಮೇಲೆ ಮಗ ಹುಬ್ಬಳ್ಳಿಯ ಅರಳೆ ಜಿನ್ನಿನಲ್ಲಿ ಬಾಯ್ಲರಿನ ಬೆಂಕಿ ಕಾದ. ದಾಂಡೇಲಿಯಲ್ಲಿ ಕೆಲಸಕ್ಕೆ ಜನ ಬೇಕಂತೆ ಎಂಬ ಸುದ್ದಿ ಬಂದಾಗ ಹೆಂಡತಿ ಕಾಶೆವ್ವನನ್ನೂ ಒಂದು ಬೀಸುಕಲ್ಲನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದ. ಕೋಗಿಲಬನದ ದಾರಿಯಲ್ಲಿದ್ದ ಈ ಸಣ್ಣ ಮಿಲ್ಲು ಅವನ ಕೈಗೆ ಒಂದು ಚಕ್ರ ಕೊಟ್ಟಿತು.

ಹಳಿಯಾಳದಿಂದ ಚಕ್ಕಡಿಯಲ್ಲಿ ಬಂದ ಭತ್ತದ ಹುಲ್ಲು ಬೆಂದು, ಅರೆದು, ಹಸಿ ರಟ್ಟಾಗಿ ಕಾದ ಉರುಳೆಗಳ ಮೇಲೆ ಹಾಯುತ್ತಿತ್ತು. ಉಗಿ ಕಡಿಮೆಯಾದರೆ ರಟ್ಟು ಅರೆಬೆಂದ ರೊಟ್ಟಿ. ಹೆಚ್ಚಾದರೆ ಮುಟ್ಟಿದರೆ ಮುರಿಯುವ ಹಪ್ಪಳ. ಗಡಿಯಾರದಂಥ ಮಾಪಕದ ಮುಳ್ಳನ್ನು ನೋಡಿ ಚಕ್ರ ತಿರುವುವುದೇ ಅವನ ಕೆಲಸ. ಹೊಸಬರು ಮುಳ್ಳು ಏಳಲಿಲ್ಲವೆಂದು ತಿರುವುತ್ತಲೇ ಇರುತ್ತಿದ್ದರು. ಕೊಳವೆ ದಾಟಿ ಉಗಿ ಕಬ್ಬಿಣವನ್ನು ಕಾಯಿಸುವ ಹೊತ್ತಿಗೆ ಅದು ಅಳತೆ ಮೀರಿರುತ್ತಿತ್ತು. ನಾಗಲಿಂಗಪ್ಪ ಎಳೆಯಷ್ಟು ತಿರುವಿ ಕುಳಿತುಬಿಡುತ್ತಿದ್ದ. ವೀಳ್ಯದೆಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆಯಿಟ್ಟು, ಮಡಿಚಿ ಬಾಯಿಗಿಟ್ಟ ಮೇಲೆಯೇ ಕಣ್ಣೆತ್ತುತ್ತಿದ್ದ. ತನ್ನ ಕೈ ಮಾಡಿದ್ದು ಮುಳ್ಳಿಗೆ ತಲುಪಲು ಅಷ್ಟು ಹೊತ್ತು ಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಮಾಲಕರು ಮುಂಬೈಯಿಂದ ಹಳೆಯ ರೆಗ್ಯುಲೇಟರೊಂದನ್ನು ತರಿಸಿದರು. ನಾಗಲಿಂಗಪ್ಪನಿಗೆ ಅದರ ಪಕ್ಕ ಕಾವಲು ಕೂರುವ ಕೆಲಸವಷ್ಟೇ ಉಳಿಯಿತು. ಅದನ್ನು ನೋಡಿಕೊಳ್ಳಲು ಗೋಕಾಕದ ಕಡೆಯಿಂದ ಪರಸಪ್ಪ ಬಂದ. ಆಗಷ್ಟೇ ಮದುವೆಯಾಗಿದ್ದ ಹುಡುಗ. ಅವನ ಹೆಂಡತಿ ಮಾಲವ್ವನಿಗೆ ಬೀಸಲು ಕಲ್ಲಿಲ್ಲವೆಂದು ಕಾಶೆವ್ವ ತನ್ನದನ್ನೇ ಹೊರಿಸಿ ಕಳಿಸಿದ್ದಳು.

"ಇದಕ್ಕ ಕಣ್ಣೂ ಐತಿ, ಕೈಯೂ ಐತಿ ಕಾಕಾ," ಎಂದು ಪರಸಪ್ಪ ಮೊದಲ ದಿನ ತೋರಿಸಿದ್ದ. "ಮುಳ್ಳು ನೋಡ್ತೈತಿ, ವಾಲ್ವ ತಿರುವತೈತಿ. ತಿರುವಿ ಸುಮ್ಮ ಕುಂಡ್ರೂದಿಲ್ಲ, ತಾ ಮಾಡಿದ್ದನ್ನ ಮತ್ತ ತಾನ ನೋಡ್ತೈತಿ. ಇದು ನಡ್ಯೂದು ಗಾಳಿ ಮ್ಯಾಲೆ. ಗಾಳಿ ನಿಂತರ ಮಾತ್ರ, ಬ್ಯಾರೆ ಕೊಳವಿಯಾಗ ಉಗಿ ಬಿಡೂ ಈ ಬಗಲ ಚಕ್ರ ಹಿಡೀರಿ. ಇಲ್ಲಾಂದ್ರ ಕೈ ಹಚ್ಚಬ್ಯಾಡ್ರಿ."

ನಾಗಲಿಂಗಪ್ಪ ಹೂಂ ಅಂದ. ಆದರೆ ಅವನೊಳಗೆ ಚನಬಸಪ್ಪ ಕುಳಿತಿದ್ದ. ಹೊಸ ಹೋರಿಯನ್ನು ಮೊದಲ ಹಂಗಾಮಿನಲ್ಲಿ ನೊಗದಡಿ ಒಂಟಿಯಾಗಿ ಬಿಡಬಾರದು, ಹಗ್ಗದ ಮೇಲೆ ಒಂದು ಕೈ ಇರಲೇಬೇಕು ಎಂಬುದು ಅಪ್ಪನ ಕಟ್ಟಳೆ. ಮಹಾನವಮಿಯ ಖಂಡೆಪೂಜೆಯ ದಿನ ರೆಗ್ಯುಲೇಟರಿಗೂ ವಿಭೂತಿ ಬಳಿದವನಿಗೆ ಅದು ಹೊಟ್ಟೆಕಿಚ್ಚು ಹುಟ್ಟಿಸಲಿಲ್ಲ, ಮರುಕ ಹುಟ್ಟಿಸಿತು. ಪಾಪ, ಕಲಿಯಲಿ ಎಂದು, ಪರಸಪ್ಪ ಉರುಳೆಗಳ ಕಡೆ ಹೋದಾಗ, ಮುಳ್ಳು ಇಳಿದರೆ ಬಗಲ ಚಕ್ರವನ್ನು ಒಂದೆಳೆ ತೆರೆಯುತ್ತಿದ್ದ. ಏರಿದರೆ ಒಂದೆಳೆ ಮುಚ್ಚುತ್ತಿದ್ದ. ನಡುವೆ ಎಲೆ ಹಚ್ಚುವಷ್ಟು ಹೊತ್ತು ಕಾಯುತ್ತಲೂ ಇದ್ದ. ಆದರೂ ಮುಳ್ಳು ಜೋಕಾಲಿಯಂತೆ ತೂಗಿತು. ಹಸಿ ರಟ್ಟು, ಒಡೆದ ರಟ್ಟು ಅಂಗಳದಲ್ಲಿ ಬಣವೆಯಾಯಿತು. ಪರಸಪ್ಪ ಯಂತ್ರವನ್ನು ಬಿಚ್ಚಿ ಜೋಡಿಸಿ ಸೊರಗಿದ.

ಗೇಟಿನೆದುರಿನ ಚಾದಂಗಡಿಗೆ ನಾಗಲಿಂಗಪ್ಪ ಹೇಗೆ ಬಂದನೋ ಅವನಿಗೇ ತಿಳಿಯಲಿಲ್ಲ.

"ಬರ್ರಿ ಬರ್ರಿ ನಾಗಲಿಂಗಪ್ಪಾರ!" ಅಂಗಡಿಯ ಗೋದುಬಾಯಿ ಕೂಗಿದಳು. "ಬರೇ ಚಾ ನಡ್ಯೂದಿಲ್ಲ, ಫೇಡೆ ಕೊಡಸ್ರಿ. ನಿಮ್ಮ ಸವತಿ ಮನಿ ಬಿಟ್ಟು ಹೊಂಟಾಳ!"

"ಯಾವ ಸವತಿ?"

"ಆ ಬುಸುಗುಡೂ ಸವತಿ! ಇವತ್ತ ಕೀಳ್ತಾರಂತ. ನಿಮ್ಮ ಚಕ್ರ ನಿಮಗ ಬಂತು."

ಬೆಂಚಿನ ಮೇಲೆ ಪರಸಪ್ಪ ಕುಳಿತಿದ್ದ. ಕಾಲ ಬಳಿ ತಗಡಿನ ಟ್ರಂಕು.

"ಪರಸಾ, ಅದು ಸುಮ್ಮ ಆಗೇತಲ್ಲೋ. ಗ್ವಾಡಿ ಹಿಂದ ನಿಂತು ಕೇಳಿ ಬಂದೆ."

"ಆಗೇತ್ರಿ ಕಾಕಾ. ನೀವು ಊರಿಗೆ ಹೋದಾಗಿಂದ ಮುಳ್ಳು ಮೊಳಿ ಬಡದಂಗ ನಿಂತೈತಿ."

"ಮತ್ತ ಟ್ರಂಕ್ಯಾಕ?"

"ಏನ ರಿಪೇರಿ ಮಾಡಿದಿ ಅಂತ ಮಾಲಕರು ಕೇಳಿದ್ರು. ಏನೂ ಮಾಡಿಲ್ಲಾ ಅಂದೆ, ಖರೇನ ಏನೂ ಮಾಡಿಲ್ಲ. ತಾನ ಆರಾಮಾದದ್ದು ತಾನ ಬ್ಯಾನಿ ಬೀಳ್ತೈತಿ, ಅದನ್ನೂ ಕೀಳ್ರಿ, ಈ ಹುಡುಗನ್ನೂ ಕಳಸ್ರಿ ಅಂದ್ರು. ಮಧ್ಯಾಹ್ನ ಬಂದು ಮುಂದ ನಿಂತು ಕೀಳಸ್ತಾರಂತ."

"ಒಂದ ಸ್ಕ್ರೂ ಬಿಗದೆ ಅಂತ ಸುಳ್ಳ ಹೇಳಬೇಕಿಲ್ಲೋ ಹುಚ್ಚಪ್ಪಾ," ಎಂದಳು ಗೋದುಬಾಯಿ. "ಬಾಯಾಗ ನಾಲಿಗಿ ಇಲ್ಲೇನು?"

ನಾಗಲಿಂಗಪ್ಪ ಎಲೆ ಅಡಿಕೆಯ ಚಂಚಿ ಬಿಚ್ಚಿದ. ಎಲೆಗೆ ಸುಣ್ಣ ಹಚ್ಚಿದ.

"ಪರಸಾ, ಯಾರರ ಆ ಬಗಲ ಚಕ್ರ ಎಳಿಯಷ್ಟು ತಿರುವಿದ್ರ ಅದಕ್ಕ ಗೊತ್ತಾಗ್ತೈತೇನು?"

"ಚಕ್ರ ಅದಕ್ಕೆಲ್ಲಿ ಕಾಣತೈತ್ರಿ? ಮುಳ್ಳಷ್ಟ ಕಾಣತೈತಿ. ಮುಳ್ಳು ಇಳೀತು ಅಂತ ಅದೂ ತೆರೀತೈತಿ, ಇವನೂ ತೆರೀತಾನ. ಇಬ್ಬರದೂ ಕೂಡಿ ಉಗಿ ಹೆಚ್ಚಾದ ಮ್ಯಾಲೆ ಇಬ್ಬರೂ ಕೂಡೇ ಮುಚ್ಚತಾರ. ಮುಗೀತಲ್ರಿ, ಅವತ್ತಿಂದ ಜೋಕಾಲಿನ." ಪರಸಪ್ಪ ನಕ್ಕ, ನಗೆ ಒಣಗಿತ್ತು. "ಮಾಲಕರೂ ಇದನ್ನ ಕೇಳಿದ್ರು, ಯಾರರ ಕೈ ಹಚ್ಚಿದ್ರೇನು ಅಂತ. ಅಲ್ಲೆ ನಮ್ಮ ಕಾಕಾ ಇರ್ತಾರ, ನೊಣಾನೂ ಕುಂಡ್ರಗೊಡೂದಿಲ್ಲಾ ಅಂತ ನಾನ ಆಣಿ ಮಾಡಿ ಹೇಳೇನಿ."

ನಾಗಲಿಂಗಪ್ಪ ತನ್ನ ಬಲಗೈಯನ್ನು ನೋಡಿದ. ಬೆರಳ ತುದಿಗೆ ಸುಣ್ಣ. ಇಷ್ಟು ದಿನ ಮುಳ್ಳಿನಲ್ಲಿ ಅವನು ಯಂತ್ರದ ಅವಿವೇಕ ನೋಡುತ್ತಿದ್ದ. ಅಲ್ಲಿ ತೂಗುತ್ತಿದ್ದದ್ದು ಈ ಕೈಯ ನೆರಳು. ತನ್ನ ಕೈ ತಲುಪುವ ತನಕ ಕಾಯಲು ಬಲ್ಲವನು ಯಂತ್ರದ ಇನ್ನೊಂದು ಕೈಯ ಲೆಕ್ಕವನ್ನೇ ಹಿಡಿದಿರಲಿಲ್ಲ. ಅಂಗಳದ ರಟ್ಟಿನ ಬಣವೆ, ಈ ಟ್ರಂಕು, ಹುಡುಗನ ಈ ಆಣೆ, ಎಲ್ಲ ಮರುಕದಿಂದ ತಿರುವಿದ ಒಂದೊಂದು ಎಳೆ. ಸುಮ್ಮನಿದ್ದರೆ ಸಂಜೆಗೆ ಚಕ್ರ ಅವನದು. ಬಾಯಿ ಬಿಟ್ಟರೆ ರೆಗ್ಯುಲೇಟರು ಉಳಿಯುತ್ತದೆ, ಹುಡುಗ ಉಳಿಯುತ್ತಾನೆ. ಆದರೆ ಮುಟ್ಟಬೇಡವೆಂದದ್ದನ್ನು ಮುಟ್ಟಿದ ಕಾವಲುಗಾರನನ್ನು ಯಾರು ಇಟ್ಟುಕೊಂಡಾರು?

ಮೌಳಂಗಿಯ ಕಡೆಯಿಂದ ಜೀಪು ಬಂದು, ಧೂಳೆಬ್ಬಿಸಿ ಗೇಟಿನೊಳಗೆ ಹೊಕ್ಕಿತು.

"ಬಂದ್ರು ನೋಡ್ರಿ ಮಾಲಕರು," ಎಂದು ಪರಸಪ್ಪ ಟ್ರಂಕನ್ನು ಹತ್ತಿರ ಎಳೆದುಕೊಂಡ. "ಕಾಕಾ, ಕಾಶೆವ್ವ ಕಾಕುನ ಬೀಸುಕಲ್ಲು ಮಾಲವ್ವ ತೊಳದು ಇಟ್ಟಾಳ. ಈಗ ಜ್ವಾಳದ ಹಂಗಾಮ, ನಿಮಗೂ ಬೇಕಾಗ್ತೈತಿ. ಇವತ್ತ ಒಯ್ಯತೀರೋ, ಇಲ್ಲಾ ನಾನ ಹೊತ್ತು ತಂದು—"

ನಾಗಲಿಂಗಪ್ಪ ಹಚ್ಚಿದ ಎಲೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದ.

"ಚಾ ಆರತೈತ್ರಿ!" ಗೋದುಬಾಯಿ ಅಂದಳು. "ಫೇಡೇಕ್ಕ ಹೆದರಿ ಓಡ್ತೀರೇನು?"

"ಕಾಕಾ, ಕಲ್ಲಿಂದು ಹೇಳಲಿಲ್ಲಲ್ರಿ. ಯಾವಾಗ ತರಲಿ ಅಂತ—"

ಅವನು ಆಗಲೇ ರಸ್ತೆ ದಾಟಿದ್ದ. ಸುಣ್ಣ ಹತ್ತಿದ ಬಲಗೈಯನ್ನು, ಬೇರೆ ಯಾರದೋ ಎಂಬಂತೆ, ಮೈಯಿಂದ ದೂರ ಹಿಡಿದು, ಜೀಪಿನ ಧೂಳು ಇನ್ನೂ ಅಡಗದ ಗೇಟಿನೊಳಗೆ, ಮಾಲಕರ ಕಡೆಗೆ ನಡೆದ.