ದೊಡ್ಡಮ್ಮನ ಚೀಟಿ

ಇಪ್ಪತ್ತರ ಹುಡುಗಿಗೂ ಅವಳು ದೊಡ್ಡಮ್ಮ, ಎಪ್ಪತ್ತರ ಅಜ್ಜಿಗೂ ದೊಡ್ಡಮ್ಮ. ಎರಡು ಕೋಣೆ, ಒಂದು ಉದ್ದನೆಯ ಬೆಂಚು, ಒಂದು ತೂಕದ ಯಂತ್ರ ಇದ್ದ ಆ ಹೆಂಗಸರ ಆಸ್ಪತ್ರೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳೇ, ಮಂಚಕ್ಕೆ ಒಗೆದ ಬಟ್ಟೆ ಹಾಸುವವಳು ಅವಳೇ, ಬಂದವರನ್ನು ಒಬ್ಬೊಬ್ಬರಾಗಿ ಹಸಿರು ಪರದೆಯ ಆಚೆಗೆ ಕರೆದೊಯ್ಯುವವಳೂ ಅವಳೇ. ಹೀಗೆ ಮೂವತ್ತೊಂದು ವರ್ಷ. ಇನ್ನು ಮೂರು ವಾರ ಕಳೆದರೆ ನಿವೃತ್ತಿ.

ಎಲ್ಲರೂ ಅವಳಿಗೆ ಅದೇ ಬೇಸರ ಅಂದುಕೊಂಡಿದ್ದರು. ಅವಳ ಸಂಕಟ ಬೇರೆಯೇ ಇತ್ತು. ಮುಟ್ಟು ನಿಂತು ಆರು ವರ್ಷ ಆದಮೇಲೆ, ಎರಡು ತಿಂಗಳಿಂದ ಆಗೀಗ ಬಟ್ಟೆಯಲ್ಲಿ ಕಲೆ ಕಾಣುತ್ತಿತ್ತು. ಯಾರಿಗೂ ಹೇಳದೆ, ಸೊಸೆ ಏಳುವ ಮುಂಚೆಯೇ ಒಗೆದು ಹಾಕುತ್ತಿದ್ದಳು. ‘ನಿಂತ ಮೇಲೆ ಒಂದು ಹನಿ ಕಂಡರೂ ನಾಳೆ ಅನ್ನಬೇಡಿ, ಇವತ್ತೇ ಬನ್ನಿ’ ಎಂದು ಬೆಂಚಿನ ಮೇಲೆ ಕೂತವರಿಗೆ ದಿನಕ್ಕೆ ನಾಲ್ಕು ಸಲ ಹೇಳುವ ಬಾಯಿ, ತನ್ನ ವಿಷಯಕ್ಕೆ ಬಂದಾಗ ಬೀಗ ಹಾಕಿಕೊಂಡಿತ್ತು.

ಆ ಮೂರು ವಾರಕ್ಕೆ ಅವಳಿಗೆ ವಹಿಸಿದ್ದು, ಬಂದವರ ವಿವರ ಬರೆದಿಟ್ಟ ಹಳೆಯ ಚೀಟಿಗಳ ಕೆಲಸ. ಅವಳು ಓದಿ ಹೇಳಬೇಕು, ಕೌಂಟರಿನ ಹುಡುಗಿ ಕಂಪ್ಯೂಟರಿಗೆ ಹತ್ತಿಸಬೇಕು. ಬೀರು ತೆಗೆದ ಮೊದಲ ದಿನವೇ ಹುಡುಗಿ ತಲೆಯ ಮೇಲೆ ಕೈ ಹೊತ್ತಳು. ಚೀಟಿಗಳು ಅಕ್ಷರದ ಪ್ರಕಾರವೂ ಇರಲಿಲ್ಲ, ನಂಬರಿನ ಪ್ರಕಾರವೂ ಇರಲಿಲ್ಲ. ಒಂದು ಮನೆಗೆ ಒಂದು ಕಂದು ಲಕೋಟೆ. ಒಳಗೆ ಅತ್ತೆ, ಸೊಸೆ, ನಾದಿನಿ, ಮಗಳು ಎಲ್ಲರೂ ಮೈಗೆ ಮೈ ಒತ್ತಿಕೊಂಡು ಕೂತಿದ್ದರು.

“ಇದೇನು ದೊಡ್ಡಮ್ಮ, ಚೀಟಿ ಜೋಡಿಸಿದ್ದೀರೋ, ಸಂಸಾರ ಹೂಡಿದ್ದೀರೋ?”

“ನಗಬೇಡ್ವೇ. ಸೊಸೆ ಬಂದಳು ಅಂತ ಲಕೋಟೆ ತೆಗೀತೀನಿ, ಅತ್ತೆ ಚೀಟಿ ಕೈಗೆ ಸಿಗುತ್ತೆ. ‘ನಿಮ್ಮತ್ತೆ ನಾಲ್ಕು ವರ್ಷದಿಂದ ಈ ಕಡೆ ತಲೆ ಹಾಕಿಲ್ಲವಲ್ಲಮ್ಮ’ ಅಂತೀನಿ. ಮುಂದಿನ ವಾರ ಅತ್ತೆ ಹಾಜರ್. ನಿನ್ನ ಕಂಪ್ಯೂಟರ್ ಹೀಗೆ ಕೇಳುತ್ತಾ?”

“ಮೆಸೇಜ್ ಕಳಿಸುತ್ತೆ.”

“ಮೆಸೇಜಿಗೆ ಹೆದರೋ ಅತ್ತೆ ಇನ್ನೂ ಹುಟ್ಟಿಲ್ಲ ಬಿಡು.”

ಲಕೋಟೆ ಬಿಚ್ಚಿದಂತೆಲ್ಲ ಹಳೆಯ ದಿನಗಳು ಹೊರಗೆ ಬಂದವು. ಆಗಿನ ಕಾಲದಲ್ಲಿ ಈ ಬೆಂಚಿನ ಮೇಲೆ ಕೂತ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ತಲೆನೋವು. ಯಾಕೆ ಬಂದಿರಿ ಎಂದರೆ ಬೇರೆ ಏನನ್ನೂ ಹೇಳಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ ಇಬ್ಬರು ಗೆಳತಿಯರು ಬಂದು, ‘ನಾನು ಇವಳ ಜೊತೆಗೆ ಬಂದೆ’ ಎಂದು ಅವಳೂ, ‘ಇಲ್ಲ, ನಾನು ಇವಳ ಜೊತೆಗೆ’ ಎಂದು ಇವಳೂ, ಮಧ್ಯಾಹ್ನದವರೆಗೆ ಕೂತು ಇಬ್ಬರೂ ಎದ್ದು ಹೋಗಿದ್ದರು. ಆಗಿದ್ದ ಹಳೆಯ ಡಾಕ್ಟರಮ್ಮ ಕೋಪಿಸಿಕೊಳ್ಳುತ್ತಿರಲಿಲ್ಲ. “ಏನೂ ಇಲ್ಲದಾಗ ಬನ್ನಿ. ಏನೂ ಇಲ್ಲ ಅಂತ ಹೇಳಿಸಿಕೊಂಡು ಹೋಗಿ. ಅದಕ್ಕಿಂತ ಒಳ್ಳೆ ಮಾತು ನನ್ನ ಬಾಯಲ್ಲಿ ಇಲ್ಲ” ಎನ್ನುತ್ತಿದ್ದರು. ಆ ಮಾತನ್ನು ದೊಡ್ಡಮ್ಮ ಹೊತ್ತುಕೊಂಡು ಮನೆಮನೆಗೆ ತಿರುಗಿದ್ದಳು. ಕೆಲವರು ನೀರು ಕೊಟ್ಟು ಕೂರಿಸಿದರು, ಕೆಲವರು ಮುಖಕ್ಕೆ ಬಾಗಿಲು ಹಾಕಿದರು. ಬಾಗಿಲು ಹಾಕಿದವರ ಲಕೋಟೆಯೂ ಈಗ ಬೀರುವಿನಲ್ಲಿತ್ತು.

“ಇದನ್ನ ಬರ್ಕೋ. ಇವಳು ಮೊದಲ ಸಲ ಅಮ್ಮನ ಸೆರಗು ಹಿಡ್ಕೊಂಡು ಬಂದಾಗ ಹದಿನಾರು. ಬರೀ ಮಾತಾಡಿ ಹೋದಳು, ಹೊಟ್ಟೆನೋವಿನ ವಿಷಯ. ಆಮೇಲೆ ಮೂವತ್ತಕ್ಕೆ ಗರ್ಭಕೋಶದ ಬಾಯಿಯ ಪರೀಕ್ಷೆ, ಅಲ್ಲಿಂದ ಮೂರು ವರ್ಷಕ್ಕೊಮ್ಮೆ ತಪ್ಪಿಸಿಲ್ಲ. ನಡುವೆ ಎರಡು ಹೆರಿಗೆ. ಈಗ ಸ್ತನ ಪರೀಕ್ಷೆಯ ಎಕ್ಸ್‌ರೇಗೂ ಹೋಗ್ತಾಳೆ. ಮಗಳನ್ನ ಲಸಿಕೆಗೆ ಕರ್ಕೊಂಡು ಬಂದಿದ್ದಳು ಮೊನ್ನೆ.” ಒಂದು ಚೀಟಿ ಓದಿದರೆ ಅರ್ಧ ಆಯುಷ್ಯ ಓದಿದ ಹಾಗಿತ್ತು.

ಎರಡನೆಯ ವಾರ, ಕೆಳಗಿನ ಅರೆಯಲ್ಲಿ ಅವಳ ಮನೆಯದೇ ಲಕೋಟೆ ಸಿಕ್ಕಿತು. ಮಗಳದ್ದು ಓದಿದಳು. ಸೊಸೆಯದ್ದು ಓದಿದಳು. ಮೂರನೆಯದು ಅವಳದ್ದು. ಕೆಲಸಕ್ಕೆ ಸೇರಿದ ದಿನ ಹಳೆಯ ಡಾಕ್ಟರಮ್ಮನೇ ಬರೆದದ್ದು: ಹೆಸರು, ವಯಸ್ಸು ಇಪ್ಪತ್ತೆಂಟು. ಕೆಳಗಿನ ಗೆರೆಗಳೆಲ್ಲ ಖಾಲಿ. ‘ಬುಧವಾರ ನಿನ್ನದು ನೋಡೋಣ’ ಎಂದಿದ್ದರು ಅವರು. ಆ ಬುಧವಾರ ಜನ ತುಂಬಿತ್ತು. ಆಮೇಲೆ ಪ್ರತಿ ವರ್ಷ ಕೇಳಿದಾಗಲೂ, “ದಿನಾ ಇದೇ ಕೋಣೇಲಿ ಇರ್ತೀನಲ್ಲ ಅಮ್ಮ, ನನಗೇನಾಗುತ್ತೆ” ಎಂದು ನಕ್ಕಿದ್ದಳು. ಹೇಳುತ್ತಾ ಹೇಳುತ್ತಾ ಅದನ್ನೇ ನಂಬಿಬಿಟ್ಟಿದ್ದಳು, ಅಡುಗೆಮನೆಯಲ್ಲಿ ನಿಂತರೇ ಹೊಟ್ಟೆ ತುಂಬುತ್ತದೆ ಎಂಬಂತೆ.

“ಕೊನೇ ಪರೀಕ್ಷೆ ಯಾವಾಗ?” ಹುಡುಗಿ ತೆರೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು.

“ಹೋದ ವರ್ಷ ಅಂತ ಹಾಕು.”

ಹುಡುಗಿ ಹಾಕಿದಳು. ದೊಡ್ಡಮ್ಮ ಮುಂದಿನ ಲಕೋಟೆ ತೆಗೆದಳು. ಬಿಚ್ಚದೆ ಮತ್ತೆ ಕೆಳಗಿಟ್ಟಳು. ಪರೀಕ್ಷೆ ಮಾಡಿಸಿಕೋ ಎನ್ನುವ ತನ್ನ ಅಕ್ಕನ ಕಾಟ ತಪ್ಪಿಸಿಕೊಳ್ಳಲು ‘ಬಂದಿದ್ದಳು ಅಂತ ಬರೆದುಬಿಡಿ ದೊಡ್ಡಮ್ಮ’ ಎಂದು ಒಬ್ಬಳು ಕೈಮುಗಿದಾಗ, ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದವಳು ಇವಳು. ಮೂವತ್ತೊಂದು ವರ್ಷದಲ್ಲಿ ಈ ಬೀರುವಿಗೆ ಒಂದು ಸುಳ್ಳು ತಾರೀಖೂ ಹೊಕ್ಕಿರಲಿಲ್ಲ.

“ಅಳಿಸು,” ಎಂದಳು.

“ಏನನ್ನ?”

“ನನ್ನದನ್ನ. ಖಾಲಿ ಬಿಡು. ಒಂದ್ಸಲವೂ ಮಾಡಿಸಿಲ್ಲ.”

ಹುಡುಗಿ ಗರಕ್ಕನೆ ತಿರುಗಿದಳು. “ಅಯ್ಯೋ ದೊಡ್ಡಮ್ಮ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನೋದು ನಿಮ್ಮನ್ನ ನೋಡಿಯೇ ಹುಟ್ಟಿರಬೇಕು!”

ದೊಡ್ಡಮ್ಮ ನಗಲಿಲ್ಲ. “ಎರಡು ತಿಂಗಳಿಂದ ಕಾಣಿಸ್ಕೋತಿದೆ ಕಣೇ,” ಎಂದಳು.

ಹುಡುಗಿಯ ಮುಖದ ನಗು ಇಳಿಯಿತು. ಆಮೇಲೆ ಮೆಲ್ಲಗೆ ಕೇಳಿದಳು, “ಮತ್ತೆ ಯಾಕೆ ಹೇಳಲಿಲ್ಲ?”

ಯಾಕೆಂದರೆ ಹೀಗೇ ಕಲೆ ಕಂಡ ಮೂವರನ್ನು ದೊಡ್ಡಾಸ್ಪತ್ರೆಯ ಗೇಟಿನವರೆಗೆ ಬಿಟ್ಟುಬಂದಿದ್ದಳು. ಅವರಲ್ಲಿ ಒಬ್ಬಳು ತಿರುಗಿ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಈಗಿನ ಡಾಕ್ಟರಮ್ಮ ಹಳೆಯ ಡಾಕ್ಟರಮ್ಮನ ಮಗಳು. ಶಾಲೆಯಿಂದ ನೇರ ಇಲ್ಲಿಗೇ ಬಂದು ಇದೇ ಬೆಂಚಿನ ಮೇಲೆ ಹೋಂವರ್ಕ್ ಮಾಡುತ್ತಿದ್ದ ಕೂಸು. ತಾನು ಜಡೆ ಹೆಣೆದ ಮಗುವಿನ ಮುಂದೆ ಆ ಮಂಚ ಹತ್ತುವುದು ಹೇಗೆ? ಇಷ್ಟನ್ನೂ ಹೇಳಲು ಹೋಗಿ, “ನಾಚಿಕೆ ಆಯ್ತು” ಎಂದಷ್ಟೇ ಹೇಳಿದಳು.

ಹುಡುಗಿ ಎದ್ದು, ಬಾಗಿಲು ತಟ್ಟದೆ ಒಳಗೆ ಹೋದಳು. ಎರಡು ನಿಮಿಷದಲ್ಲಿ ಡಾಕ್ಟರಮ್ಮನೇ ಹೊರಗೆ ಬಂದು ಪರದೆ ಸರಿಸಿ ಹಿಡಿದು ನಿಂತರು. “ಬನ್ನಿ ದೊಡ್ಡಮ್ಮ,” ಎಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಾನೇ ಬೆಳಿಗ್ಗೆ ಹಾಸಿದ ಬಟ್ಟೆಯ ಮೇಲೆ ಮಲಗಿದಳು. ‘ಮೇಲೆ ನೋಡಮ್ಮ, ಮೈ ಸಡಿಲ ಬಿಡು’ ಎಂದು ಸಾವಿರ ಜನರಿಗೆ ಹೇಳಿದ್ದಳು. ಮೇಲೆ ಏನಿದೆ ಎಂದು ಈಗ ನೋಡಿದಳು.

“ಅಯ್ಯಯ್ಯೋ, ಫ್ಯಾನಿನ ಹಿಂದೆ ಎಷ್ಟು ಜೇಡರ ಬಲೆ! ಇಷ್ಟು ವರ್ಷ ಎಲ್ಲರಿಗೂ ಇದನ್ನೇ ತೋರಿಸಿದ್ನಾ ನಾನು?”

ಡಾಕ್ಟರಮ್ಮ ಕಿಸಕ್ಕನೆ ನಕ್ಕರು. ನಕ್ಕ ಕ್ಷಣದಲ್ಲೇ ಅರ್ಧ ಕೆಲಸ ಮುಗಿದಿತ್ತು. “ಗರ್ಭಕೋಶದ ಬಾಯಿಯ ಹತ್ತಿರ ಒಂದು ಚಿಕ್ಕ ಮಾಂಸದ ಕುಡಿ ಇದೆ ದೊಡ್ಡಮ್ಮ. ತೆಗೆದು ಪರೀಕ್ಷೆಗೆ ಕಳಿಸ್ತೀನಿ. ನಾಳೆ ಒಳಪದರದ ಸ್ಕ್ಯಾನ್ ಮಾಡಿಸಿ. ಸಾಮಾನ್ಯವಾಗಿ ಇಂಥದ್ದು ಏನೂ ಆಗಿರಲ್ಲ. ಆದರೆ ವರದಿ ಬರೋವರೆಗೆ ನಾನು ಏನೂ ಇಲ್ಲ ಅನ್ನಲ್ಲ.” ತಾಯಿಯದೇ ಕರಾರುವಾಕ್ಕು ಮಾತು.

ಸಂಜೆ ಮನೆಯಲ್ಲಿ, ಮಗುವಿನ ಒಣಗಿದ ಬಟ್ಟೆ ಮಡಿಸುತ್ತಾ ಸೊಸೆಗೆ ಹೇಳಿದಳು. ಮಗುವಿಗೆ ಹಾಲೂಡಿಸುತ್ತಿದ್ದ ಸೊಸೆಯ ಕಣ್ಣು ತುಂಬಿತು, ಸಿಟ್ಟೂ ಬಂತು. “ನನ್ನ ಕಿವಿ ಹಿಂಡಿ ಕರ್ಕೊಂಡು ಹೋಗ್ತಿದ್ರಲ್ಲ ಅತ್ತೆ, ನಿಮ್ಮ ಕಿವಿ ಹಿಂಡೋರು ಯಾರೂ ಇರಲಿಲ್ವಾ?”

“ಅತ್ತೆ ಕಿವಿಗೆ ಕೈ ಹಾಕೋ ಸೊಸೆ ಎಲ್ಲಿದ್ದಾಳೆ ಹೇಳು.”

“ಇನ್ಮೇಲೆ ಇದ್ದಾಳೆ,” ಎಂದಳು ಸೊಸೆ, ಕಣ್ಣು ಒರೆಸಿಕೊಂಡು. ಮರುದಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಸ್ಕ್ಯಾನಿಗೆ ಅವಳೇ ಜೊತೆಗೆ ಬಂದಳು.

ಹನ್ನೊಂದು ದಿನ. ಬೇರೆಯವರ ವರದಿಗೆ ಕಾಯುವಾಗ ಹನ್ನೊಂದು ದಿನ ಎಷ್ಟು ಉದ್ದ ಎಂದು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ. ‘ಬಂದಾಗ ಹೇಳ್ತೀವಮ್ಮ’ ಎಂದು ಎಷ್ಟು ಸಲೀಸಾಗಿ ಕಳಿಸಿಬಿಡುತ್ತಿದ್ದಳು! ಈಗ ಹಾಗೆ ಕಾಯುವವರು ಯಾರಾದರೂ ಬಂದರೆ, ತಾನೂ ಪಕ್ಕದಲ್ಲಿ ಐದು ನಿಮಿಷ ಕೂತು ಏಳುತ್ತಿದ್ದಳು.

ಕೆಲಸದ ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಡಾಕ್ಟರಮ್ಮ ವರದಿ ಹಿಡಿದು ಬಾಗಿಲಿಗೆ ಬಂದರು. ದೊಡ್ಡಮ್ಮ ತೂಕದ ಯಂತ್ರ ಒರೆಸುತ್ತಿದ್ದವಳು ಹಾಗೇ ನಿಂತಳು.

“ಕೆಟ್ಟದ್ದು ಏನೂ ಇಲ್ಲ. ಸ್ಕ್ಯಾನೂ ಸರಿಯಾಗಿದೆ. ಆರು ತಿಂಗಳಿಗೆ ಒಂದ್ಸಲ ಬಂದು ತೋರಿಸಿ. ನಡುವೆ ಮತ್ತೆ ಕಲೆ ಕಂಡ್ರೆ ಅವತ್ತೇ ಬರಬೇಕು.”

ದೊಡ್ಡಮ್ಮ ಒರೆಸುವ ಬಟ್ಟೆ ಮಡಿಸಿಟ್ಟು ಬೆಂಚಿನ ಮೇಲೆ ಕೂತಳು. “ಆರು ತಿಂಗಳಿಗೆ ನಾನಿಲ್ಲಿ ಕೆಲಸದಲ್ಲಿ ಇರಲ್ಲವಲ್ಲ ಅಮ್ಮ,” ಎಂದಳು.

“ಕೆಲಸಕ್ಕೆ ಯಾರು ಕರೆದ್ರು? ಕೂತ್ಕೊಳ್ಳೋಕೆ ಬನ್ನಿ.”

ಕೌಂಟರಿನ ಹುಡುಗಿ ತಾರೀಖು ಕೇಳಿದಳು. ದೊಡ್ಡಮ್ಮ ಕಣ್ಣು ಒರೆಸಿಕೊಂಡು, ಜನ ಕಡಿಮೆ ಇರುವ ವಾರ ಯಾವುದೆಂದು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದಳು. ಆಮೇಲೆ ಬೆರಳು ಬಿಚ್ಚಿದಳು.

“ಜನ ಇರೋ ದಿನವೇ ಹಾಕು,” ಎಂದಳು. “ಬೆಂಚಿನ ಮೇಲೆ ಕೂತು ಮಾತಾಡೋಕೆ ಯಾರಾದ್ರೂ ಬೇಕಲ್ಲ.”