ಮೂಗಿನ ಜಾಗದಲ್ಲಿ ಮರಳಿನ ಚೀಲ

ತಗಡಿನ ಶೆಡ್ಡು. ನಡುವೆ ಇನ್ನೂ ಬಣ್ಣ ಕಾಣದ ಪುಟ್ಟ ವಿಮಾನ. ಚಾವಣಿಯ ಸೀಳಿನಿಂದ ಇಳಿದ ಮೊದಲ ಬೆಳಕು ರೆಕ್ಕೆಗೆ ಹೊದಿಸಿದ ಬಿಳಿ ಬಟ್ಟೆಯ ಮೇಲೆ ಒಂದು ಗೆರೆ ಎಳೆದು ಅಲ್ಲೇ ತಡೆದು ನಿಂತಿದೆ. ಬಟ್ಟೆಯ ಅಂಚಿನುದ್ದಕ್ಕೂ ಒತ್ತೊತ್ತಾದ ಕೈಹೊಲಿಗೆ. ಮೂರು ಚಕ್ರಗಳ ಕೆಳಗೆ ಮುಳ್ಳು ತಿರುಗುವ ಮೂರು ತೂಕದ ಯಂತ್ರಗಳು. ಒಂದೊಂದರ ಮುಖದ ಮೇಲೂ ಕೆಂಪು ಗೆರೆ. ಎಂಜಿನ್ ಇರಬೇಕಾದ ಮೂಗಿನ ಜಾಗದಲ್ಲಿ ಮಾತ್ರ ಮರಳು ತುಂಬಿದ ಗೋಣಿಚೀಲ ತೂಗುಬಿದ್ದಿದೆ. ಏನೂ ಅಲುಗುತ್ತಿಲ್ಲ. ಹಾರಲೆಂದು ಹುಟ್ಟಿದ್ದು ನೆಲಕ್ಕೆ ತನ್ನ ಭಾರದ ಲೆಕ್ಕ ಒಪ್ಪಿಸುತ್ತಿದೆ.

ಆ ನಿಶ್ಚಲತೆಯೊಳಗೆ ಒಂದು ಕೈ ಬಂದು, ಚೀಲದಿಂದ ಹಿಡಿ ಮರಳು ತೆಗೆದು, ಬಕೆಟ್ಟಿಗೆ ಸುರಿಯುತ್ತದೆ. ಗ್ರೀಸು ಚರ್ಮದ ಬಣ್ಣವೇ ಆಗಿಬಿಟ್ಟಿರುವ ಕೈ. ಬಸ್ ಡಿಪೋದಲ್ಲಿ ಎಲ್ಲರೂ 'ಡಿಪೋ ಅಕ್ಕ' ಎನ್ನುವ ಈ ಮೆಕ್ಯಾನಿಕ್, ಕೆಲಸದ ಸೈರನ್ ಕೂಗುವ ಮುನ್ನ ದಿನವೂ ಇಲ್ಲಿಗೆ ಬರುತ್ತಾರೆ. ಇಂದಿನ ಬೆಳಗು ಮಾತ್ರ ಬೇರೆ. ತಮ್ಮ ಕೈಯಾರೆ ಸಿದ್ಧಪಡಿಸಿದ ಎಂಜಿನ್ನನ್ನು ಉಳಿಸಿಕೊಳ್ಳುವುದೋ ಬಿಟ್ಟುಕೊಡುವುದೋ ಎಂಬುದು ಈ ಬೆಳಿಗ್ಗೆಯೇ ತೀರ್ಮಾನವಾಗಬೇಕು. ಅದು ಮೂಲೆಯ ಕೈಗಾಡಿಯ ಮೇಲೆ ಕುಳಿತಿದೆ. ಪಕ್ಕದಲ್ಲಿ, ತಮ್ಮ ದೋಣಿಗೆಂದು ಅದನ್ನು ಕೊಳ್ಳಲು ಬಂದ ದೋಣಿಯವರು.

ಕೊಂಡವರೇ ಜೋಡಿಸಿಕೊಳ್ಳುವ ಇಂಥ ವಿಮಾನ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತದೆ: ಕೊಳವೆಗಳು, ರೆಕ್ಕೆಯ ಪಕ್ಕೆಲುಬುಗಳು, ಕೀಲುಗಳು. ಎಂಜಿನ್ ಬರುವುದಿಲ್ಲ, ಕಟ್ಟುವವರೇ ಅದನ್ನು ಆರಿಸಿಕೊಳ್ಳಬೇಕು. ರೆಕ್ಕೆಯ ಬಟ್ಟೆ ಹೊಲಿದವರು ಅಕ್ಕನ ಗಂಡ, ದರ್ಜಿ. "ಲಂಗ ರವಿಕೆ ಹೊಲಿಯೋನಿಗೆ ರೆಕ್ಕೆ ಹೊಲಿ ಅಂದ್ಳು. ಅಳತೆ ತಗೊಳ್ಳೋಕೆ ಹೋದ್ರೆ ಗಿರಾಕಿ ಉಸಿರೇ ಆಡಲ್ಲ!" ಎಂದು ಅವರು ನಗುತ್ತಾರೆ.

ಅಕ್ಕ ಡಿಪೋ ಸೇರಿದ್ದು ಹದಿನಾರನೇ ವಯಸ್ಸಿನಲ್ಲಿ, ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ. "ನಾಲ್ಕು ವರ್ಷ ಸ್ಪ್ಯಾನರ್ ಮುಟ್ಟೋಕೆ ಬಿಡ್ಲಿಲ್ಲ. ತೊಳಿ ಅಂದ್ರು, ತೊಳೆದೆ. ತೊಳೀತಾ ತೊಳೀತಾ ಯಾವುದು ಎಲ್ಲಿ ಸವೆಯತ್ತೆ ಅಂತ ಗೊತ್ತಾಗೋಯ್ತು." ಈಗ ದಿನಕ್ಕೆ ಹತ್ತು ಹನ್ನೆರಡು ಬಸ್ಸುಗಳು ಅವರ ಕೈ ದಾಟಿ ರಸ್ತೆಗಿಳಿಯುತ್ತವೆ. ವಿಮಾನದ ಹುಚ್ಚು ಹತ್ತಿದ್ದೇಕೆ ಎಂದರೆ ಉತ್ತರ ನೇರ: "ಜೀವಮಾನವೆಲ್ಲ ಬಸ್ಸಿನ ಕೆಳಗೆ ಮಲಗಿ ಮೇಲಕ್ಕೆ ನೋಡಿದೀನಿ. ಒಂದ್ಸಲ ಮೇಲೆ ಕೂತು ಕೆಳಗೆ ನೋಡ್ಬೇಕು. ಇವರನ್ನೂ ಕೂರಿಸ್ಕೊಂಡು."

ಎಂಜಿನ್ನಿನ ಪ್ರಶ್ನೆ ಎದ್ದಾಗ ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ಹಳೆಯ ಕಾರೊಂದರ ಎಂಜಿನ್ ತಂದು, ಬಿಚ್ಚಿ, ಉಜ್ಜಿ, ವಿಮಾನಕ್ಕೆ ಒಗ್ಗಿಸಿದರು. ವರ್ಷವೇ ಹಿಡಿಯಿತು. "ಕಣ್ಣು ಮುಚ್ಚಿ ರಿಪೇರಿ ಮಾಡ್ತೀನಿ ಇದನ್ನ. ಬೇರೆ ಯಾಕೆ ಬೇಕು ಅಂದ್ಕೊಂಡೆ." ಒಂದು ಮುಂಜಾನೆ ಅದನ್ನು ಕಂಬಕ್ಕೆ ಬಿಗಿದು ಓಡಿಸುತ್ತಿದ್ದಾಗ, ಅದನ್ನು ತಣಿಸುವ ನೀರಿನ ರಬ್ಬರ್ ಕೊಳವೆ ಕಳಚಿ ಎಂಜಿನ್ ನಿಂತಿತು. ದರ್ಜಿ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅಕ್ಕ ಸರಿಮಾಡಿದ್ದರು.

"ನೋಡಿದ್ರಾ, ಎಷ್ಟು ಬೇಗ?"

"ನೋಡ್ದೆ. ಬಸ್ಸು ಕೆಟ್ರೆ ರಸ್ತೆ ಪಕ್ಕ ಹಾಕ್ತೀಯ. ಮೇಲೆ ಪಕ್ಕ ಎಲ್ಲಿದೆಯಮ್ಮ? ಬಾನೆಟ್ ಎತ್ತೋರು ಯಾರು?"

ರಿಪೇರಿಯವರಿಗಷ್ಟೇ ಆಗಬಹುದಾದ ತಪ್ಪು ಅದು: ಕೆಡದಿರುವುದನ್ನು ಬಿಟ್ಟು, ಕೆಟ್ಟರೆ ತಾನು ಸರಿಪಡಿಸಬಲ್ಲದ್ದನ್ನು ಆರಿಸುವುದು. "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಈಗ ಅವರೇ ಹೇಳಿಕೊಳ್ಳುತ್ತಾರೆ. ಮರುದಿನ ಆ ಕಾರಿನ ಎಂಜಿನ್ನು, ಅದರ ನೀರು, ಎಣ್ಣೆ, ರೇಡಿಯೇಟರು ಎಲ್ಲವನ್ನೂ ಸೇರಿಸಿ ಅಷ್ಟೇ ತೂಕದ ಮರಳನ್ನು ಮೂಗಿಗೆ ಕಟ್ಟಿ, ಇಬ್ಬರೂ ಹತ್ತಿ ಕುಳಿತರು. ಮುಳ್ಳು ವಿಮಾನ ಹೊರಬಲ್ಲ ತೂಕದ ಕೆಂಪು ಗೆರೆ ದಾಟಿತು. ದರ್ಜಿ ಇಳಿದರೆ ಮಾತ್ರ ಒಳಗೆ ಬರುತ್ತಿತ್ತು.

"ನೀನೊಬ್ಳೇ ಹೋಗ್ಬಾ, ನಾನು ಕೆಳಗಿಂದ ಕೈ ಬೀಸ್ತೀನಿ ಅಂದೆ," ಎನ್ನುತ್ತಾರೆ ಅವರು. "ಅವತ್ತು ಇವಳು ಬೈದ ಬೈಗುಳ ಮಾತ್ರ ನಿಮ್ಮ ಪತ್ರಿಕೇಲಿ ಹಾಕೋ ಹಾಗಿಲ್ಲ."

ಈಗ ಮನಸ್ಸಿನಲ್ಲಿರುವುದು ವಿಮಾನಕ್ಕೆಂದೇ ಮಾಡಿದ ಸಣ್ಣ ಎಂಜಿನ್. ಗಾಳಿಗೇ ತಣಿಯುತ್ತದೆ, ನೀರಿಲ್ಲ, ಕೊಳವೆಯಿಲ್ಲ. ಇಂಧನ ಹೊತ್ತಿಸಲು ಕಿಡಿ ಹಾರಿಸುವ ಏರ್ಪಾಡು ಎರಡು, ಒಂದರ ಹಂಗು ಇನ್ನೊಂದಕ್ಕಿಲ್ಲ. "ಗಂಡ ಹೆಂಡ್ತಿ ಇದ್ದಹಾಗೆ. ಒಬ್ರು ಮುನಿಸ್ಕೊಂಡ್ರೂ ಸಂಸಾರ ನಡೀತದೆ," ಎಂದು ಅಕ್ಕ ಗಂಡನತ್ತ ನೋಡುತ್ತಾರೆ. ಆದರೆ ಅದರ ಒಡಲನ್ನು ಅವರು ಒಮ್ಮೆಯೂ ಬಿಚ್ಚಿ ನೋಡಿಲ್ಲ. "ಈ ವಯಸ್ಸಲ್ಲಿ ಮತ್ತೆ ಶಿಷ್ಯೆ ಆಗ್ಬೇಕು. ಆಗ್ತೀನಿ. ತೊಳೆಯೋದ್ರಿಂದಲೇ ಶುರು ಮಾಡ್ತೀನಿ."

ಇಂದಿನ ಚೀಲದಲ್ಲಿ ಉಳಿಯಬೇಕಾದದ್ದು ಆ ಸಣ್ಣ ಎಂಜಿನ್ನಿನಷ್ಟೇ ತೂಕದ ಮರಳು. ಹೆಚ್ಚಿನದರ ಕೊನೆಯ ಹಿಡಿ ತೆಗೆದಾಯಿತು. "ರೀ, ಹತ್ತಿ." ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ದರ್ಜಿ ಉಸಿರು ಬಿಗಿಹಿಡಿಯುತ್ತಾರೆ.

"ಉಸಿರು ಹಿಡಿದ್ರೆ ತೂಕ ಕಮ್ಮಿಯಾಗಲ್ಲ, ಬಿಡ್ರಿ."

ದೋಣಿಯವರು ಮಂಡಿಯೂರಿ ಒಂದೊಂದೇ ಮುಳ್ಳನ್ನು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ, ನೋಡುತ್ತಾ ಸುತ್ತು ಬರುತ್ತಾರೆ. "ಇದು ಒಳಗಿದೆ... ಇದೂ ಒಳಗೆ... ಮೂರೂ ಗೆರೆಯೊಳಗೇ ಇವೆ ಅಕ್ಕಾ."

ಅಕ್ಕ ಕೈಗಾಡಿಯತ್ತ ನೋಡುತ್ತಾರೆ.

"ನಿಮ್ ದೋಣೀಲಿ ಇದು ನಿಂತುಹೋದ್ರೆ?"

"ದೋಣಿ ತೇಲ್ತಿರತ್ತೆ. ಹುಟ್ಟು ಹಾಕ್ಕೊಂಡು ಬರ್ತೀನಿ."

"ಹಾಗಾದ್ರೆ ಅದು ನಿಮ್ದೇ. ಆ ರಬ್ಬರ್ ಕೊಳವೆಗೆ ಹೊಸ ಪಟ್ಟಿ ಹಾಕಿದೀನಿ, ಆದ್ರೂ ದಿನಾ ಒಂದ್ಸಲ ಬಿಗಿ ನೋಡಿ."

ಗಂಡ ಇಳಿಯಲು ಕಾಲೆತ್ತುತ್ತಾರೆ. ಅಕ್ಕ ಅವರ ತೋಳು ಹಿಡಿದು ಕೂರಿಸುತ್ತಾರೆ. "ಇಳೀಬೇಡಿ. ನಿಮ್ ಜಾಗ ಅದು."

ದೋಣಿಯವರು ತಳ್ಳುವ ಗಾಡಿಯ ಚಕ್ರ ಕಿರುಗುಟ್ಟುತ್ತಾ ಹೊಸಿಲು ದಾಟುತ್ತದೆ. ಮರಳಿನ ಮೂಗಿನ ವಿಮಾನದಲ್ಲಿ ಇಬ್ಬರೂ ಮುಂದಕ್ಕೇ ನೋಡುತ್ತಾ ಕುಳಿತಿದ್ದಾರೆ. ದೋಣಿಯವರ ಬೆನ್ನ ಹಿಂದೆ ತಗಡಿನ ಬಾಗಿಲು ಮುಚ್ಚಿಕೊಳ್ಳುತ್ತದೆ.