ನೀಲತ್ತೆಗೆ ಓದಿ ಹೇಳಿದ ಕಾದಂಬರಿ

ಮೊನ್ನೆ ಮಗಳು ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಹುಳಿ ಬಂದ ಜೋಳದ ಗಂಜಿ, ಅದರೊಳಗೆ ಎಲ್ಲೋ ಸ್ವಲ್ಪ ಒದ್ದೆ ನೂಲು. ಮಕ್ತಲಿನ ನಮ್ಮ ಪಡಸಾಲೆಯಲ್ಲಿ ಕೂತಿದ್ದ ನಾನು ಒಂದು ಗಳಿಗೆ ನಾರಾಯಣಪೇಟೆಯ ಮಗ್ಗದ ಕೋಣೆಯಲ್ಲಿದ್ದೆ. ಆ ಕೋಣೆ ಈಗ ಇಲ್ಲ. ಮನೆ ಕೊಂಡವರು, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿಗೆ ಮಣ್ಣು ತುಂಬಿ, ಮೇಲೆ ಬಂಡೆ ಹಾಸಿ, ಅಲ್ಲಿ ಮೋಟಾರು ಸೈಕಲ್ ನಿಲ್ಲಿಸುತ್ತಾರೆ. ಅದಕ್ಕೆ ನನ್ನ ತಕರಾರೇನಿಲ್ಲ; ಅವರ ಮನೆ, ಅವರ ಸೈಕಲ್ಲು. ಆದರೆ ಆ ಗುಂಡಿಯ ದಂಡೆಯ ಮೇಲೆ ಕೂತು ನಾನು ಮಾಡಿದ ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ನಿಮಗೂ ಇಂಥದೊಂದು ಕೋಣೆ ಇದ್ದು ಹೋಗಿದ್ದರೆ, ಕೇಳಿಸಿಕೊಂಡು ನೀವೇ ಹೇಳಿ.

ನಾರಾಯಣಪೇಟೆ ತೆಲುಗು ಸೀಮೆಯ ಅಂಚಿನ ಊರು; ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತೆಲುಗು. ಅಜ್ಜಿಗೆ ಓದೇ ಇರಲಿಲ್ಲ. ಅಪ್ಪ, ಅಪ್ಪನ ತಂಗಿ ನೀಲತ್ತೆ ಇಬ್ಬರೂ ತೆಲುಗು ಶಾಲೆಗೆ ಹೋದವರು. ಕನ್ನಡದ ಅಕ್ಷರ ಬರುತ್ತಿದ್ದುದು ನನಗೊಬ್ಬಳಿಗೇ. ಅವ್ವ ತೀರಿಕೊಂಡಾಗ ನಾನು ನಾಲ್ಕು ವರ್ಷದವಳು. ಚಿಕ್ಕವ್ವ ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ ಹಾಕಿದ್ದಳು. ಹತ್ತು ತುಂಬಿದಾಗ ಅಪ್ಪ ವಾಪಸು ಕರೆತಂದ. ಅದೇ ವರ್ಷ ಗದ್ವಾಲದ ಗಂಡನ ಮನೆಯಿಂದ ನೀಲತ್ತೆಯೂ ಬಂದಳು. ಆಕೆಗೆ ಟೀಬಿ ಆಗಿತ್ತು. ಆ ಮನೆಯವರು ಮೊದಲು ಆಕೆಯ ಹಾಸಿಗೆ ಬೇರೆ ಮಾಡಿದರು, ಆಮೇಲೆ ತಟ್ಟೆ ಲೋಟ, ಕೊನೆಗೆ ಆಕೆಯನ್ನೇ ಬೇರೆ ಮಾಡಿ ಕಳಿಸಿದರು. ಗಂಡ ಬಸ್ಸಿನ ತನಕ ಬಂದು, ಕಿಟಕಿಯಿಂದ ಒಂದು ಮಾರು ದೂರ ನಿಂತು ಕೈ ಬೀಸಿದನಂತೆ. ವರ್ಷಪೂರ್ತಿ ಗುಳಿಗೆ ನುಂಗಿ ಆಕೆ ನೆಟ್ಟಗಾದಳು. ಅವನು ಒಮ್ಮೆಯೂ ಬರಲಿಲ್ಲ. ಇನ್ನು ಅಂಜಿಕೆಯಿಲ್ಲ ಅಂತ ಡಾಕ್ಟರು ಹೇಳಿದ ದಿನದಿಂದ ನಾನು ಆಕೆಯ ಸೆರಗು ಬಿಡಲಿಲ್ಲ. ನನ್ನ ತಲೆ ಬಾಚುವವಳು ಅವಳು, ಬೈಯುವವಳು ಅವಳು, ಬೈದು ಆಮೇಲೆ ಬೆಲ್ಲ ಕೊಡುವವಳೂ ಅವಳೇ. ನನಗೆ ಮತ್ತೆ ತಾಯಿ ಸಿಕ್ಕಿದ್ದಳು ಅಂತ ನೇರವಾಗಿಯೇ ಹೇಳಿಬಿಡುತ್ತೇನೆ.

ಮುಂದಿನ ಮಳೆಗಾಲದಲ್ಲಿ ಆ ಪುಸ್ತಕ ಬಂತು. ತಂದವನು ರಾಜೋಳಿಯ ನೂಲಿನ ವ್ಯಾಪಾರಿ. ಗದ್ವಾಲದ ಮೇಲೆ ಹಾದು ನಮ್ಮಲ್ಲಿಗೆ ಬರುತ್ತಿದ್ದ. ನೂಲಿನ ಗಂಟು ಇಳಿಸಿ, ಕಾಗದ ಸುತ್ತಿದ ಪೊಟ್ಟಣವೊಂದನ್ನು ಅಜ್ಜಿಯ ಮುಂದಿಟ್ಟು, "ನಿಮ್ಮ ಅಳಿಯಾರು ಕೊಟ್ಟಾರ್ರಿ. 'ನನಗ ಹೇಳಾಕ ಬರೂದಿಲ್ಲ, ಇದನ್ನ ಓದಿಸಿ ಕೇಳ್ಲಿ, ಆಮ್ಯಾಲ ಜವಾಬು ಕಳಿಸ್ಲಿ' ಅಂದಾರ್ರಿ" ಅಂದ. ಮಾವ, ಅಂದರೆ ನೀಲತ್ತೆಯ ಗಂಡ, ರಾಯಚೂರು ಕಡೆ ಕನ್ನಡ ಓದಿದವನು, ಬಟ್ಟೆ ಅಂಗಡಿಯ ಗುಮಾಸ್ತ. ಪೊಟ್ಟಣದಲ್ಲಿದ್ದದ್ದು ಒಂದು ಹಳೆಯ ಕಾದಂಬರಿ. ಮನುಷ್ಯನ ಸ್ವಭಾವವನ್ನು ಇಷ್ಟು ಬಿಡಿಸಿಟ್ಟ ಪುಸ್ತಕ ಇನ್ನೊಂದಿಲ್ಲ ಅಂತ ದೊಡ್ಡವರು ಈಗಲೂ ಹೊಗಳುತ್ತಾರೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನನ್ನ ಕತೆ ಬಿಟ್ಟು ಅದರ ಕತೆಯ ಮೇಲೆ ಜಗಳಕ್ಕೆ ನಿಲ್ಲುತ್ತೀರಿ. ಓಣಿಯಲ್ಲಿ ಕನ್ನಡ ಓದಬಲ್ಲವರು ಇನ್ನೂ ಇಬ್ಬರಿದ್ದರು. ಆದರೆ ಮನೆಯ ಮಾತು ಓಣಿಗೆ ಬೀಳುವುದು ಅಜ್ಜಿಗೆ ಬೇಡವಾಗಿತ್ತು. ಓದುವ ಕೆಲಸ ನನ್ನ ಪಾಲಿಗೆ ಬಂತು.

ಮಗ್ಗ ನಡೆಯುವಾಗ ಓದುವುದು ಆಗದ ಮಾತು. ಆ ಸಪ್ಪಳದಲ್ಲಿ ನಮ್ಮ ದನಿ ನಮಗೇ ಕೇಳುತ್ತಿರಲಿಲ್ಲ. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದು ಕೆಚ್ಚುವ ದಿನ ಮಾತ್ರ ಮಗ್ಗ ಸುಮ್ಮನಿರುತ್ತಿತ್ತು. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಸೇರಿಸಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆಯುತ್ತಾ ಹೋಗುವುದೇ ಕೆಚ್ಚುವುದು. ಸಾವಿರಾರು ಎಳೆ, ಒಂದು ತಪ್ಪಿದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಕಣ್ಣು ಕೈ ಕೆಲಸದಲ್ಲಿ, ಕಿವಿಗಷ್ಟೇ ಬಿಡುವು. ಹಾಗಾಗಿ ಕಾದಂಬರಿ ಕೆಚ್ಚುವ ದಿನಗಳಲ್ಲಷ್ಟೇ ಮುಂದೆ ಹೋಯಿತು. ಒಂದು ಹಾಸಿಗೂ ಇನ್ನೊಂದಕ್ಕೂ ನಡುವೆ ವಾರಗಟ್ಟಲೆ ಅಂತರ. ಮಳೆಗಾಲದಲ್ಲಿ ಶುರುವಾದ ಓದು ಮುಗಿದದ್ದು ಸಂಕ್ರಾಂತಿ ದಾಟಿದ ಮೇಲೆ. ಗದ್ವಾಲದಲ್ಲಿ ಒಬ್ಬ ಮನುಷ್ಯ ಅಷ್ಟು ದಿನವೂ ಜವಾಬಿಗಾಗಿ ಕಾದಿದ್ದ.

ಕತೆ ಹೀಗಿತ್ತು. ಊರಿಗೆ ಮಾರಿಬೇನೆ ಬರುತ್ತದೆ. ಹೆಂಡತಿ ಮಲಗಿದ್ದಾಳೆ. ಗಂಡ, ಊರಿಗೆಲ್ಲ ಒಳ್ಳೆಯವನೆನಿಸಿಕೊಂಡ ಮಾಸ್ತರ, ನೀರು ತರುತ್ತೇನೆಂದು ಹೊರಟವನು ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು ಓಡಿಹೋಗುತ್ತಾನೆ. ಆಕೆ ಹೇಗೋ ಬದುಕುತ್ತಾಳೆ. ಇವನು ಊರೂರು ತಿರುಗುತ್ತಾ ತನಗೆ ತಾನೇ ಸಬೂಬು ಹೇಳಿಕೊಳ್ಳುತ್ತಾನೆ. ಪುಸ್ತಕದ ಮುಕ್ಕಾಲು ಭಾಗ ಆ ಸಬೂಬುಗಳೇ. ಕೊನೆಗೆ ವಾಪಸು ಬಂದು ತನ್ನದೇ ಬಾಗಿಲ ಮುಂದೆ ನಿಲ್ಲುತ್ತಾನೆ. ಇದು ಯಾರ ಕತೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜಗಳವೆಲ್ಲ ಮಾಸ್ತರನ ಹೆಸರಿನಲ್ಲೇ ನಡೆಯಿತು. "ಅಂಜಿಕಿ ಯಾರಿಗಿಲ್ಲ? ಪ್ರಾಣ ಅಂದ್ರ ಎಲ್ಲಾರಿಗೂ ಸಿಹಿನ. ತಿರುಗಿ ಬಂದಾನಲ್ಲ, ಅದ ದೊಡ್ಡದು" ಅನ್ನುತ್ತಿದ್ದಳು ಅಜ್ಜಿ. ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿತ್ತು: "ಓಡೂದು ಓಡಿದ. ಕೊಡ ತುಂಬಿ ಮನ್ಯಾಗಿಟ್ಟು ಓಡಬೇಕಿತ್ತಿಲ್ಲ? ಅಂಜಿಕಿ ಅಲ್ಲ ಅದು, ನಾಯಿಬುದ್ಧಿ." ಕೆಚ್ಚಲು ಬರುತ್ತಿದ್ದ ಪಕ್ಕದ ಮನೆಯ ಪುಲ್ಲಮ್ಮ ತೆಲುಗಿನವಳು, ಅರ್ಧ ತಿಳಿದು ಅರ್ಧ ಕೇಳಿ ತಿಳಿದುಕೊಂಡು, ಮಾಸ್ತರನ ಒಂದೊಂದು ಸಬೂಬಿಗೂ "ಅಚ್ಚಂ ಮಾ ಆಯನೇ!", ಥೇಟು ನಮ್ಮವನೇ, ಅಂತ ಗಂಡನನ್ನು ನೆನೆದು ಬಿದ್ದು ಬಿದ್ದು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ "ಪಾಪಂ" ಅಂತ ಅವಳೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಬೆಳಿಗ್ಗೆ ಅಜ್ಜಿಯ ಕಡೆ, ಸಂಜೆ ಅಪ್ಪನ ಕಡೆ. ನೀಲತ್ತೆ ಒಮ್ಮೆ ಮಾತ್ರ, ಎಳೆ ಹೊಸೆಯುತ್ತಲೇ, "ಆ ಕೊಡ ಮತ್ತ ಮನಿಗೆ ಯಾರು ತಂದ್ರು?" ಅಂತ ಕೇಳಿದಳು. ನಾನು ಹಿಂದಿನ ಹಾಳೆಗಳನ್ನೆಲ್ಲ ತಿರುವಿ ಹುಡುಕಿದೆ. ಪುಸ್ತಕದಲ್ಲಿ ಅದು ಇರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಅಜ್ಜಿ ನೀಲತ್ತೆಯ ಸೀರೆಗಳನ್ನು ತೊಳೆದು ಮಡಿಸತೊಡಗಿದಳು. ಡಬ್ಬಿಯಲ್ಲಿ ಶಾವಿಗೆ ತುಂಬಿಟ್ಟಳು. "ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಎಷ್ಟು ದಿನಂತ ಇಲ್ಲಿ ಇರ್ತಾಳ?" ಅಂತ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಗ ನನಗೆ ಹೊಳೆಯಿತು: ಈ ಪುಸ್ತಕ ಮುಗಿದ ದಿನ ಅತ್ತೆ ಹೊರಡುತ್ತಾಳೆ. ಕೊನೆಯ ಕೆಚ್ಚಿನ ದಿನ ನಾನು ಓದುತ್ತಾ ಆ ಬಾಗಿಲ ತನಕ ಬಂದೆ. ಕಣ್ಣು ಬಾಯಿಗಿಂತ ಮುಂದೆ ಓಡಿತ್ತು. 'ಆಕೆ ಅಗಳಿ ತೆಗೆದಳು' ಅಂತ ಇತ್ತು. ಅವನು ಒಳಗೆ ಬಂದ, ಆಕೆ ತಟ್ಟೆ ಇಟ್ಟಳು, ಹೀಗೆ ಇನ್ನೂ ನಾಲ್ಕು ಹಾಳೆ ಇದ್ದವು. ನಾನು ಗಟ್ಟಿಯಾಗಿ, "ಆಕೆ ಅಗಳಿ ತೆಗೆಯಲಿಲ್ಲ. ಅವನು ಬಹಳ ಹೊತ್ತು ನಿಂತು, ಬಂದ ದಾರಿಯಲ್ಲೇ ಹೊರಟುಹೋದ" ಅಂತ ಓದಿ ಪುಸ್ತಕ ಮುಚ್ಚಿಬಿಟ್ಟೆ.

"ಆಮ್ಯಾಲ?" ಅಂದಳು ಅಜ್ಜಿ. "ಆಮ್ಯಾಲ ಏನಿಲ್ಲ. ಮುಗೀತು" ಅಂದೆ. ಅಜ್ಜಿ ಬರೆದವನನ್ನು, ಅಚ್ಚು ಹಾಕಿದವನನ್ನು, ಅಳಿಯನನ್ನು ಒಂದೇ ಉಸಿರಿನಲ್ಲಿ ಬೈದಳು. ಇಂಥ ಪುಸ್ತಕ ಕಳಿಸಿ ಇವನು ಹೇಳುವುದಾದರೂ ಏನು ಅಂತ ಅವಳಿಗೆ ಬಗೆಹರಿಯಲಿಲ್ಲ. ಅಪ್ಪ, ಅವನಿಗೂ ಬಾ ಅನ್ನುವ ಮುಖವಿಲ್ಲ, ಅದಕ್ಕೇ ಹೀಗೆ ಹೇಳಿಸಿದ್ದಾನೆ ಅಂದ. ಪುಲ್ಲಮ್ಮ ಈ ಸಲ ನಗಲಿಲ್ಲ. ನೀಲತ್ತೆ ಬೂದಿಯ ಬಟ್ಟಲಿಗೆ ಬೆರಳು ಅದ್ದಿ ಮುಂದಿನ ಎಳೆ ತೆಗೆದುಕೊಂಡಳು. ನೂಲಿನವನು ಮತ್ತೆ ಬಂದಾಗ ಪುಸ್ತಕ ಅವನ ಕೈಯಲ್ಲಿಟ್ಟು, "ಓದಿಸಿ ಕೇಳಿದೆ ಅಂತ ಹೇಳ್ರಿ. ಬರೂದಿಲ್ಲ ಅಂತನೂ ಹೇಳ್ರಿ" ಅಂದಳು. ಪುಸ್ತಕದಲ್ಲಿ ಬಾಗಿಲು ತೆರೆದದ್ದು ಮಾವನಿಗೆ ಗೊತ್ತಿತ್ತು. ಅದನ್ನು ಕೇಳಿಯೂ ಈಕೆ ಬಾಗಿಲು ಹಾಕಿದಳು ಅಂತಲೇ ಅವನು ತಿಳಿದಿರಬೇಕು. ಎರಡು ವರ್ಷದ ಮೇಲೆ ಅವನು ಬೇರೆ ಮದುವೆ ಮಾಡಿಕೊಂಡ ಸುದ್ದಿ ಬಂತು. ಅವತ್ತು ನೀಲತ್ತೆ ನನ್ನ ತಲೆ ಬಾಚುತ್ತಿದ್ದಳು, ಬಾಚಣಿಗೆ ನಿಲ್ಲಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಆ ಕಾದಂಬರಿಯನ್ನು ನಾನು ಮತ್ತೆ ಓದಿದ್ದು ನಲವತ್ತು ದಾಟಿದ ಮೇಲೆ. ಮಾಸ್ತರನ ಹೆಂಡತಿ ಗಂಡನನ್ನು ಕ್ಷಮಿಸಿದಳು ಅಂತ ಅಷ್ಟು ವರ್ಷ ತಿಳಿದಿದ್ದೆ. ಓದಿದರೆ ಆ ಮಾತು ಎಲ್ಲೂ ಇಲ್ಲ. ಆಕೆ ಅಗಳಿ ತೆಗೆಯುತ್ತಾಳೆ, ತಟ್ಟೆ ಇಡುತ್ತಾಳೆ, ನಾಲ್ಕೂ ಹಾಳೆಯಲ್ಲಿ ಒಂದೇ ಒಂದು ಮಾತಾಡುವುದಿಲ್ಲ. ಅದು ಕ್ಷಮೆಯೋ, ದಣಿವೋ, ಶಿಕ್ಷೆಯೋ? ಮಗಳ ಮೊಬೈಲಿನಲ್ಲಿ ಓದುಗರ ಒಂದು ಗುಂಪಿದೆ. ಅಲ್ಲಿ ಒಬ್ಬರು ಆಕೆಯನ್ನು ದೇವತೆ ಅನ್ನುತ್ತಾರೆ, ಒಬ್ಬರು ಬೆನ್ನೆಲುಬಿಲ್ಲದವಳು ಅನ್ನುತ್ತಾರೆ, ಮಾಸ್ತರನೇ ನಾವೆಲ್ಲರೂ ಅಂತ ಬರೆದವರೂ ಇದ್ದಾರೆ. ಎಲ್ಲರದೂ ಸರಿ ಅನ್ನಿಸಿ ನನ್ನ ತಲೆ ಕೆಟ್ಟು ಹೋಯಿತು. ಇದ್ದದ್ದನ್ನು ಇದ್ದಂತೆ ಓದಿದ್ದರೆ ನಮ್ಮ ಕೋಣೆಯಲ್ಲಿ ಏನಾಗುತ್ತಿತ್ತೋ, ನನಗೆ ಗೊತ್ತಿಲ್ಲ.

ನೀಲತ್ತೆ ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ನಾರಾಯಣಪೇಟೆಗೆ ಹೋಗಿ, ಆಕೆಯ ಪಕ್ಕ ಕೂತು, ಎಲ್ಲವನ್ನೂ ಹೇಳಿದೆ. ಅಳುತ್ತಲೇ ಹೇಳಿದೆ. ಆಕೆ ಆರಿಸುತ್ತಿದ್ದ ಬೇಳೆಯ ಮೊರ ಕೆಳಗಿಡಲಿಲ್ಲ. "ಗೊತ್ತಿತ್ತು" ಅಂದಳು. "ನೀ ಯಾವಾಗಲೂ ಸಾಲಿನ ಕೆಳಗ ಬೆರಳಿಟ್ಟು ಓದಾಕಿ. ಅವತ್ತು ಬೆರಳು ನಿಂತಿತ್ತು, ಬಾಯಿ ಮುಂದ ಹೋತು."

"ಮತ್ಯಾಕ ಹೋಗಲಿಲ್ಲ ಅತ್ತಿ?"

"ಅಲ್ಲಿ ಕರಿಯಾಂವ ತನ್ನ ಬಾಯಿಲೆ ಒಂದು ಮಾತು ಅನಲಿಲ್ಲ. ಇಲ್ಲಿ ಒಬ್ಬಾಕಿ ನನ್ನ ಇಟಗೊಳ್ಳಾಕ ಸುಳ್ಳು ಓದಿದ್ಲು. ಯಾರ ಕಡೆ ಇರ್ಲಿ ನಾ?"

ನನ್ನ ಮೇಲಿನ ಮಮತೆಗೆ ಉಳಿದಳೋ, ಅವನ ಮೇಲಿನ ಸಿಟ್ಟಿಗೋ, ಇಲ್ಲ ನನ್ನನ್ನು ಸಮಾಧಾನ ಮಾಡಲು ಆ ಕ್ಷಣಕ್ಕೆ ಹುಟ್ಟಿಸಿಕೊಂಡ ಮಾತೋ, ನಾನು ಮತ್ತೆ ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ನನ್ನ ಮದುವೆಯಾದಾಗ ನನಗೆ ಹತ್ತೊಂಬತ್ತು. ನೀಲತ್ತೆಯೇ ನನ್ನ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಮಕ್ತಲಿಗೆ ಹೊರಡುವ ಸಂಭ್ರಮದಲ್ಲಿ ನಾನು ಬಸ್ಸಿನ ಕಿಟಕಿಯಿಂದ ಆಕೆಯನ್ನು ನೋಡಿದೆನೋ ಇಲ್ಲವೋ, ನೆನಪೇ ಇಲ್ಲ. ಯಾರು ಸುಳ್ಳು ಓದಿ ಆಕೆಯನ್ನು ಉಳಿಸಿಕೊಂಡಳೋ, ಆ ನಾನು ಆ ಮನೆಯಲ್ಲಿ ಆಮೇಲೆ ಇದ್ದದ್ದು ಎಂಟೇ ವರ್ಷ.